ಕಾವೇರಿ ಕೊಳ್ಳ: ಬಂಡೆ, ಇಳಿಜಾರು, ದಿಣ್ಣೆ

(ಹೆಬ್ಬಗೋಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಕಾವೇರಿ ಕೊಳ್ಳದ ವಿಸ್ತೀರ್ಣ 81,155 ಚದರ ಕಿಲೋಮೀಟರ್. ಅದರಲ್ಲಿ 43,856 ಚ.ಕಿ.ಮೀ. ತಮಿಳುನಾಡಿನದು, 34,273 ಚ.ಕಿ.ಮೀ. ಕರ್ನಾಟಕದ್ದು, ಉಳಿದ ಚೂರುಪಾರು ಕೇರಳ ಮತ್ತು ಪುದುಚೇರಿಗೆ ಸೇರಿದೆ. ನೀರು ಹಂಚಿಕೆಯ ವ್ಯಾಜ್ಯದಲ್ಲಿ ಈ ಅಂಕಿಗಳು ಎಷ್ಟು ಸಲ ಬಂದುಹೋಗಿವೆಯೆಂದರೆ, ಕೊಳ್ಳವೆಂಬುದು ಆದಿಯಿಂದಲೂ ಗಡಿಕಲ್ಲು ನೆಟ್ಟು ಅಳೆದಿಟ್ಟ ಜಮೀನು ಎಂಬ ಭಾವನೆ ಬೇರೂರಿಬಿಟ್ಟಿದೆ. ಭೂವಿಜ್ಞಾನ ಹೇಳುವುದು ಬೇರೆ. ಅದರ ಪ್ರಕಾರ ಕೊಳ್ಳದ ಬಂಡೆ ಬಹಳ ಹಳೆಯದು, ಇಳಿಜಾರು ಅದಕ್ಕಿಂತ ತೀರ ಈಚಿನದು, ನೀರನ್ನು ಎರಡು ಕಡೆಗೆ ಹಂಚುವ ಅಂಚಿನ ದಿಣ್ಣೆಗಳಲ್ಲಿ ಕೆಲವಂತೂ ಇನ್ನೂ ಸ್ಥಳ ಬದಲಿಸುತ್ತಲೇ ಇವೆ. ನದಿ ಈ ಮೂರಕ್ಕೂ ಹೊಂದಿಕೊಂಡು ಹರಿಯುತ್ತದೆ. ಹರಿಯುತ್ತಲೇ ಮೂರನ್ನೂ ತಿದ್ದುತ್ತದೆ.

ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನದಿಯ ದಿಕ್ಕು. ಕೊಡಗಿನ ಬ್ರಹ್ಮಗಿರಿಯ ತಲಕಾವೇರಿಯಿಂದ ಅರಬ್ಬೀ ಸಮುದ್ರ ನೇರ ಅಳತೆಯಲ್ಲಿ ಸುಮಾರು 55 ಕಿ.ಮೀ. ದೂರ. ಆದರೂ ನದಿ ಆ ಕಡೆಗೆ ಬೆನ್ನು ಹಾಕಿ, ಸುಮಾರು 800 ಕಿ.ಮೀ. ಸುತ್ತಿಕೊಂಡು ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಭೀಮಾ, ಕೃಷ್ಣಾ, ತುಂಗಭದ್ರಾ ನದಿಗಳ ನಡೆಯೂ ಇದೇ. ಒಂದು ನದಿಯಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಇಡೀ ಪರ್ಯಾಯ ದ್ವೀಪವೇ ಪೂರ್ವಕ್ಕೆ ವಾಲಿರುವಾಗ ಕಾರಣವನ್ನು ನದಿಗಿಂತ ದೊಡ್ಡದಾದ ಯಾವುದರಲ್ಲೋ ಹುಡುಕಬೇಕಾಗುತ್ತದೆ.

ಹುಡುಕಾಟ ಬಂಡೆಯಿಂದ ಆರಂಭವಾಗಬೇಕು. ಕೊಳ್ಳದ ಮೇಲ್ಭಾಗವೆಲ್ಲ ಧಾರವಾಡ ಶಿಲಾಖಂಡದ ಮೇಲೆ ಕೂತಿದೆ. ಹೇಮಾವತಿ ದಂಡೆಯ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ಬೆಂಗಳೂರು, ಆನೇಕಲ್, ಹೊಸೂರುಗಳ ಕೆಳಗೆ ಹರಡಿಕೊಂಡಿರುವುದು ಸುಮಾರು 300 ಕೋಟಿ ವರ್ಷದ ಪರ್ಯಾಯ ದ್ವೀಪದ ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಅದಕ್ಕೆ ಆ ಹೆಸರಿಟ್ಟರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಅದರ ಅತ್ಯಂತ ಪ್ರಸಿದ್ಧ ತುಣುಕು. ಮಳೆ ಬಂದು ತೊಳೆದ ಮೇಲೆ ಆ ಬಂಡೆಯನ್ನು ಬಗ್ಗಿ ನೋಡಿದರೆ ಕಪ್ಪು-ಬಿಳಿ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಕಪ್ಪು ಪಟ್ಟೆಯಲ್ಲಿರುವುದು ಮುಖ್ಯವಾಗಿ ಕರಿ ಅಭ್ರಕ. ಬಿಳಿಯದರಲ್ಲಿ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲು. ಪಟ್ಟೆಗಳು ನೆಟ್ಟಗಿಲ್ಲ, ಮಡಚಿಕೊಂಡಿವೆ, ಅಲ್ಲಲ್ಲಿ ಒಂದನ್ನೊಂದು ಕತ್ತರಿಸಿವೆ. ಭೂಮಿಯ ಒಡಲಿನಲ್ಲಿ ಹಲವು ಕಿಲೋಮೀಟರ್ ಆಳದಲ್ಲಿ, ಕಲ್ಲು ಮೆತ್ತಗಾಗಿದ್ದಾಗ ಆದ ಮಡಿಕೆಗಳು ಇವು. ಈಗ ಅವು ವಾಕಿಂಗ್ ಬರುವವರ ಕಾಲ ಕೆಳಗಿವೆ ಎಂದರೆ, ಮೇಲಿದ್ದ ಅಷ್ಟೂ ಕಲ್ಲು ಸವೆದು ಹೋಗಿದೆ ಎಂದೇ ಅರ್ಥ.

ಈ ನೈಸನ್ನು ಸೀಳಿಕೊಂಡು ಸುಮಾರು 250 ಕೋಟಿ ವರ್ಷಗಳ ಹಿಂದೆ ಉತ್ತರ-ದಕ್ಷಿಣವಾಗಿ ಕ್ಲೋಸ್‌ಪೇಟೆ ಗ್ರಾನೈಟ್ ಮೇಲೆದ್ದಿತು. ರಾಮನಗರದ ಬೆಟ್ಟಗಳು, ಸಾವನದುರ್ಗ ಎಲ್ಲ ಅದೇ ಪಟ್ಟಿಯವು. ದಕ್ಷಿಣದ ಬಿಳಿಗಿರಿರಂಗನ ಬೆಟ್ಟ, ನೀಲಗಿರಿಗಳಲ್ಲಿರುವುದು ಇನ್ನೂ ಆಳದಲ್ಲಿ, ಇನ್ನೂ ಹೆಚ್ಚಿನ ಶಾಖದಲ್ಲಿ ಬೆಂದ ಚಾರ್ನೊಕೈಟ್. ಅದಕ್ಕೂ ದಕ್ಷಿಣಕ್ಕೆ, ಪಾಲಕ್ಕಾಡಿನಿಂದ ಈರೋಡು, ಕರೂರುಗಳತ್ತ, ಪೂರ್ವ-ಪಶ್ಚಿಮವಾಗಿ ನುಗ್ಗುನುರಿಯಾದ ಒಂದು ವಲಯವಿದೆ. ಗೊಂಡ್ವಾನ ಮಹಾಖಂಡ ಒಗ್ಗೂಡುತ್ತಿದ್ದ ಸುಮಾರು 55 ಕೋಟಿ ವರ್ಷಗಳ ಹಿಂದಿನ ಕಾಲದಲ್ಲಿ ಅಲ್ಲಿಯ ಬಂಡೆ ಮತ್ತೊಮ್ಮೆ ಅರೆಯಲ್ಪಟ್ಟಿತು. ಇಷ್ಟೆಲ್ಲ ಆದಾಗ ಕಾವೇರಿ ಇರಲಿಲ್ಲ. ಆದರೆ ಅವಳು ಮುಂದೆ ಎಲ್ಲೆಲ್ಲಿ ಸಲೀಸಾಗಿ ಕೊರೆಯಬಹುದು, ಎಲ್ಲಿ ತಡವರಿಸಬೇಕು ಎಂಬುದು ಆಗಲೇ ಬಹುಪಾಲು ತೀರ್ಮಾನವಾಗಿತ್ತು. ಶಿಂಷಾ ಮತ್ತು ಅರ್ಕಾವತಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುವುದು ಬಂಡೆಯ ಈ ಹಳೆಯ ನೇಯ್ಗೆಯ ಜಾಡು ಹಿಡಿದೇ. ಭವಾನಿಯಿಂದ ಮುಂದೆ ಮುಖ್ಯ ನದಿ ಪೂರ್ವಕ್ಕೆ ಹೊರಳುವುದೂ ಆ ನುಗ್ಗಾದ ವಲಯದೊಳಗೇ.

ನದಿ ಹರಿಯಲು ಬಂಡೆ ಸಾಲದು, ಇಳಿದು ಸೇರಲು ಒಂದು ತಗ್ಗು ಬೇಕು. ಕಾವೇರಿಗೆ ಆ ತಗ್ಗು ಒದಗಿದ್ದು ಗೊಂಡ್ವಾನ ಒಡೆದಾಗ. ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತ, ಅಂಟಾರ್ಕ್ಟಿಕಾದಿಂದ ಬೇರ್ಪಡುವ ಹೊತ್ತಿಗೆ, ಪೂರ್ವದ ಅಂಚು ಜಗ್ಗಿ ಬಿರುಕುಬಿಟ್ಟಿತು. ಬಿರುಕುಗಳ ನಡುವಣ ನೆಲ ಕುಸಿದು, ಈಗಿನ ತಿರುಚ್ಚಿರಾಪಳ್ಳಿ, ತಂಜಾವೂರು, ನಾಗಪಟ್ಟಣಗಳಿರುವಲ್ಲಿ ಉದ್ದನೆಯ ಹೊಂಡಗಳಾದವು. ಅವು ಅಂದಿನಿಂದ ತುಂಬುತ್ತಲೇ ಬಂದಿವೆ, ತುಂಬಿದ ಭಾರಕ್ಕೆ ಮತ್ತಷ್ಟು ಕುಸಿಯುತ್ತಲೂ ಬಂದಿವೆ. ಕೆಲವೆಡೆ ಹೂಳಿನ ದಪ್ಪ 5 ಕಿ.ಮೀ. ಮೀರುತ್ತದೆ. ನರಿಮನಂ ಸುತ್ತಮುತ್ತ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ ಎಣ್ಣೆ ತೆಗೆಯುತ್ತಿರುವುದು ಈ ಹೂಳಿನ ಪದರಗಳಿಂದಲೇ.

ಹೊಂಡದ ಪಶ್ಚಿಮ ದಡ ಇಂದಿಗೂ ಹೊರಗೆ ಕಾಣುತ್ತದೆ. ಅರಿಯಲೂರು, ಪೆರಂಬಲೂರುಗಳ ಸುಣ್ಣಕಲ್ಲಿನ ಗಣಿಗಳಲ್ಲಿ ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಕಡಲ ಜೀವಿಗಳ ಪಳೆಯುಳಿಕೆಗಳಿವೆ: ಸುರುಳಿ ಚಿಪ್ಪಿನ ಅಮೊನೈಟ್‌ಗಳು, ಕಡಲ ಚಿಪ್ಪುಗಳು, ಹವಳ, ಮೇಲಿನ ಪದರಗಳಲ್ಲಿ ಡೈನೋಸಾರ್‌ಗಳ ಮೂಳೆಯ ಚೂರುಗಳು. ಆಗ ಸಮುದ್ರ ತಿರುಚ್ಚಿಯ ಹತ್ತಿರದವರೆಗೂ ಬಂದಿತ್ತು. ಸುಣ್ಣಕಲ್ಲಿನ ನಡುವೆ ಮರಳು, ನುಣುಪು ಉರುಟುಕಲ್ಲುಗಳ ಪದರಗಳೂ ಇವೆ. ಪಶ್ಚಿಮದ ಗಟ್ಟಿ ನೆಲದಿಂದ ಹೊಳೆಗಳು ತಂದು ಸುರಿದವು ಇವು. ಆ ಹೊಳೆಗಳಲ್ಲಿ ಒಂದನ್ನು ಬೊಟ್ಟುಮಾಡಿ ‘ಇದೇ ಕಾವೇರಿ’ ಎನ್ನುವುದು ಸಾಹಸವಾದೀತು. ಪೂರ್ವಕ್ಕೆ ಇಳಿಯುವ ನೀರಿನ ದಾರಿಗಳು ಆಗಲೇ ಇದ್ದವು ಎನ್ನಲು ಮಾತ್ರ ಈ ಕಲ್ಲುಗಳೇ ಸಾಕು.

ಪೂರ್ವದ ತಗ್ಗಿಗೆ ಜೋಡಿಯಾಗಿ ಪಶ್ಚಿಮದ ಎತ್ತರ ಬಂದದ್ದು ಆಮೇಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡಿತು. ಆ ಹೊತ್ತಿನ ಜ್ವಾಲಾಮುಖಿಯ ಕುರುಹು ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು. ಖಂಡ ಸೀಳಿದಾಗ ಸೀಳಿನ ಅಂಚು ಸಾಮಾನ್ಯವಾಗಿ ಮೇಲೇಳುತ್ತದೆ: ಕೆಳಗಿನ ಬಿಸಿ ಅದನ್ನು ಎತ್ತುತ್ತದೆ, ಸವೆತದಿಂದ ಭಾರ ಇಳಿದಷ್ಟೂ ಅದು ಇನ್ನಷ್ಟು ಏರುತ್ತದೆ. ಪಶ್ಚಿಮದ ಅಂಚು ಹೀಗೆ ಎದ್ದು, ಪರ್ಯಾಯ ದ್ವೀಪ ಒಂದು ಬದಿ ಎತ್ತಿ ಹಿಡಿದ ಮೊರದಂತಾಯಿತು. ಎತ್ತಿದ ಬದಿ ಸಹ್ಯಾದ್ರಿ. ಉತ್ತರದಲ್ಲಿ 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಲಾವಾ ಹರಡಿ ಕೃಷ್ಣಾ, ಭೀಮಾ ಕೊಳ್ಳಗಳ ಮೇಲ್ಭಾಗವನ್ನು ಮುಚ್ಚಿತು. ಕಾವೇರಿ ಕೊಳ್ಳಕ್ಕೆ ಅದು ತಲುಪಲಿಲ್ಲ.

ಹೀಗೆ ಒಂದು ಕಡೆ ತಗ್ಗು, ಇನ್ನೊಂದು ಕಡೆ ಎತ್ತರ. ನಡುವೆ ಕೋಟಿಗಟ್ಟಲೆ ವರ್ಷ ನಡೆದ ಕೆಲಸವೆಂದರೆ ಸವೆತ. ಇದರ ಬಗ್ಗೆ ಪಠ್ಯಪುಸ್ತಕಗಳು ಒಂದು ವಾಕ್ಯ ಬರೆದು ಮುಂದೆ ಹೋಗುತ್ತವೆ. ನ್ಯಾಯವಾಗಿ ಅರ್ಧ ಪುಸ್ತಕ ಇದಕ್ಕೇ ಸಲ್ಲಬೇಕು. ನೀರು ಗಟ್ಟಿ ಬಂಡೆಯನ್ನು ನೇರವಾಗಿ ಕೊಚ್ಚುವುದು ಕಡಿಮೆ. ಮೊದಲು ಬಂಡೆ ಕೊಳೆಯಬೇಕು. ಹೆಬ್ಬಗೋಡಿ, ಬೊಮ್ಮಸಂದ್ರದ ಕಡೆ ಬೋರ್‌ವೆಲ್ ಕೊರೆಸುವುದನ್ನು ನಿಂತು ನೋಡಿದವರಿಗೆ ಇದರ ಕ್ರಮ ಗೊತ್ತು. ಮೊದಲು ಕೆಂಪುಮಣ್ಣು ಬರುತ್ತದೆ. ಆಮೇಲೆ ಹಳದಿ-ಬಿಳಿ ಬಣ್ಣದ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಗರಸು. ಆಮೇಲೆ ಥಟ್ಟನೆ ಸದ್ದು ಬದಲಾಗಿ ಬೂದು ಬಣ್ಣದ ಕಲ್ಲುಪುಡಿ ಮೇಲಕ್ಕೆ ಚಿಮ್ಮುತ್ತದೆ. ಕೊರೆಯುವವರು ಕೇಸಿಂಗ್ ಪೈಪನ್ನು ಇಳಿಸುವುದು ಆ ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ. ಕೇಸಿಂಗ್ ಎಷ್ಟು ಅಡಿ ಇಳಿಯಿತೋ ಅಷ್ಟು ಆಳಕ್ಕೆ ಆ ಜಾಗದ ಬಂಡೆ ಕೊಳೆತಿದೆ. ಬೋರ್‌ವೆಲ್ ಬಿಲ್ಲಿನಲ್ಲಿ ಅಡಿಗಿಷ್ಟು ಎಂದು ಬೇರೆಯಾಗಿ ಬರೆಯುವ ಆ ಲೆಕ್ಕ, ತಿಳಿಯದೆಯೇ ಬರೆದಿಟ್ಟ ಭೂವಿಜ್ಞಾನದ ದಾಖಲೆ.

ಕೊಳೆಯುವ ಕೆಲಸ ಮಾಡುವುದು ಮಳೆನೀರು. ಗಾಳಿಯಿಂದಲೂ ಬೇರಿನಿಂದಲೂ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾದ ನೀರು ನೈಸಿನ ಬಿರುಕುಗಳಲ್ಲಿ ಇಳಿಯುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಕರಿ ಅಭ್ರಕದಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ. ಬೆಣಚುಕಲ್ಲು ಮಾತ್ರ ಬಗ್ಗುವುದಿಲ್ಲ. ಸುತ್ತಲಿನದು ಕರಗಿದ ಮೇಲೆ ಬಿಡಿ ಕಾಳಾಗಿ ಉದುರುತ್ತದೆ. ಆ ಕಾಳುಗಳನ್ನು ಹಳ್ಳ ಹೊಳೆಗೆ ಒಯ್ದರೆ, ಹೊಳೆ ಅವನ್ನು ಮರಳು ಮಾಡುತ್ತದೆ. ತಲಕಾಡಿನ ದಿಬ್ಬದ ಮರಳೂ ತಂಜಾವೂರಿನ ಕೆಳಗಿನ ಮರಳೂ ಬಹುಮಟ್ಟಿಗೆ ಇಂಥ ಬಂಡೆಗಳ ಬೆಣಚೇ. ಜೇಡಿ ನೀರಿನಲ್ಲಿ ತೇಲಿಕೊಂಡು ಇನ್ನೂ ದೂರ ಹೋಗುತ್ತದೆ, ಸುಣ್ಣ ಮತ್ತು ಉಪ್ಪಿನ ಅಂಶಗಳು ಕರಗಿಕೊಂಡೇ ಸಮುದ್ರ ಸೇರುತ್ತವೆ. ಕೊಳೆತ ಈ ಪದರವನ್ನು ನದಿಗಳು ಹೊತ್ತೊಯ್ದಂತೆ ಕೆಳಗಿನ ಹೊಸ ಬಂಡೆ ಕೊಳೆಯಲು ತೆರೆದುಕೊಳ್ಳುತ್ತದೆ. ಮೈಸೂರು ಪ್ರಸ್ಥಭೂಮಿಯ ಮೇಲೆ ಈ ಕೆಲಸ ತೀರ ನಿಧಾನ: ದಶಲಕ್ಷ ವರ್ಷಕ್ಕೆ ಹತ್ತು ಮೀಟರಿನ ಆಸುಪಾಸು. ಘಟ್ಟದ ಪಶ್ಚಿಮ ಮುಖದಲ್ಲಿ ಇದರ ಹಲವು ಪಟ್ಟು.

ಬಂಡೆ ಎಲ್ಲ ಕಡೆ ಒಂದೇ ಸಮನೆ ಕೊಳೆಯುವುದಿಲ್ಲ. ಬಿರುಕು ಹೆಚ್ಚಿದ್ದಲ್ಲಿ ಬೇಗ, ಸಾವನದುರ್ಗದಂಥ ಏಕಶಿಲೆಯಲ್ಲಿ ತೀರ ತಡವಾಗಿ. ಬೇಗ ಕೊಳೆತದ್ದು ಕಣಿವೆಯಾಯಿತು, ಉಳಿದದ್ದು ಬೆಟ್ಟವಾಯಿತು. ರಾಮನಗರದ ಬೆಟ್ಟಗಳು ನೆಲದಿಂದ ಉಕ್ಕಿ ಬಂದಂತೆ ಕಂಡರೂ, ಅಲ್ಲಿ ಆದದ್ದು ಸುತ್ತಲಿನ ನೆಲ ತಗ್ಗಿದ್ದು.

ಇಷ್ಟಾದರೆ ನದಿಯ ಉದ್ದದ ಇಳಿಜಾರು ತಲಕಾವೇರಿಯಿಂದ ಸಮುದ್ರದವರೆಗೆ ನಯವಾಗಿ ಬಾಗಿರಬೇಕಿತ್ತು. ಹಾಗಿಲ್ಲ. 1,276 ಮೀಟರ್ ಎತ್ತರದ ತಲಕಾವೇರಿಯಿಂದ ಕೊಡಗಿನಲ್ಲಿ ಇಳಿದ ಕಾವೇರಿ, ಕನ್ನಂಬಾಡಿಯಿಂದ ತಲಕಾಡಿನವರೆಗೆ ಮುದಿ ನದಿಯ ಹಾಗೆ ಅಗಲವಾಗಿ, ಸುಸ್ತಾಗಿ, ಬಳಸಿ ಬಳಸಿ ಹರಿಯುತ್ತದೆ. ತಿರುವಿನ ಒಂದು ದಡಕ್ಕೆ ಮರಳು, ಇನ್ನೊಂದಕ್ಕೆ ಆಳದ ಮಡು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪದ ಕಥೆ ಈ ಎರಡನ್ನೂ ಸರಿಯಾದ ಜಾಗದಲ್ಲೇ ಗುರುತಿಸಿದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಶಿವನಸಮುದ್ರದಲ್ಲಿ ನದಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಆಮೇಲೆ ಮೇಕೆದಾಟಿನ ಇಕ್ಕಟ್ಟು, ಹೊಗೇನಕಲ್ಲಿನ ಬಂಡೆಗಳ ಸಂದಿ. ಮೆಟ್ಟೂರು ತಲುಪುವ ಹೊತ್ತಿಗೆ ಎತ್ತರ ಸುಮಾರು 240 ಮೀಟರಿಗೆ ಇಳಿದಿರುತ್ತದೆ. ಮುದಿತನ ಮೊದಲು, ಹರೆಯ ಆಮೇಲೆ. ಈ ತಲೆಕೆಳಗಾದ ಕ್ರಮದ ಫಲವಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಲು ಸಾಧ್ಯವಾಯಿತು.

ಕಾರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ. ಪಿ. ರಾಧಾಕೃಷ್ಣ ಅವರು 1952ರಿಂದಲೂ ಮೈಸೂರು ಪ್ರಸ್ಥಭೂಮಿಯ ರಚನೆಯ ಬಗ್ಗೆ ಬರೆದವರು. 1993ರ ಲೇಖನದಲ್ಲಿ ಅವರು, ಪರ್ಯಾಯ ದ್ವೀಪ ಕಳೆದ ಸುಮಾರು ಎರಡು ಕೋಟಿ ವರ್ಷಗಳಲ್ಲಿ ಮತ್ತೆ ಮೇಲೆದ್ದಿದೆ, ಮುದಿಯಾಗಿದ್ದ ನದಿಗಳಿಗೆ ಅದರಿಂದ ಹೊಸ ಹರೆಯ ಬಂದಿದೆ ಎಂದು ವಾದಿಸಿದರು. ಯಾನಿ ಗುನ್ನೆಲ್ ಮೊದಲಾದವರು ಅಂಥ ದೊಡ್ಡ ಏರಿಕೆಯ ಅಗತ್ಯವನ್ನೇ ಒಪ್ಪುವುದಿಲ್ಲ. ಸವೆತದಿಂದ ಹಗುರವಾದ ನೆಲ ತಾನಾಗಿ ನಿಧಾನಕ್ಕೆ ಏರಿದರೆ ಸಾಕು ಎಂಬುದು ಅವರ ನಿಲುವು. ಕೆ. ಎಸ್. ವಾಲ್ದಿಯಾ ಇನ್ನೂ ಸ್ಥಳೀಯವಾದ ಕಾರಣ ಹುಡುಕಿದರು. ಅವರು ಮತ್ತು ಜಿ. ರಾಜಗೋಪಾಲನ್ 2000ದಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕಾವೇರಿ ಮತ್ತು ಉಪನದಿಗಳ ಕಣಿವೆಗಳಲ್ಲಿ ಕಾಣುವ ದಪ್ಪ ಕಪ್ಪು ಜೇಡಿಯ ಪದರಗಳು ಹಳೆಯ ಸರೋವರಗಳ ತಳ. ಉತ್ತರ-ದಕ್ಷಿಣದ ಸ್ತರಭಂಗಗಳ ಗುಂಟ ನೆಲ ಎದ್ದು ನದಿಗೆ ಅಡ್ಡ ನಿಂತಾಗ, ಹಿಂದೆ ನೀರು ನಿಂತು ಜೇಡಿ ಇಳಿಯಿತು. ಇದು ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಮಾತು. ಮೂರು ವಾದಗಳೂ ಒಂದನ್ನೊಂದು ಪೂರ್ತಿ ಅಲ್ಲಗಳೆಯುವುದಿಲ್ಲ. ಇಡೀ ಪ್ರಸ್ಥಭೂಮಿಯ ಎತ್ತರಕ್ಕೆ ಗುನ್ನೆಲ್ ಅವರ ನಿಧಾನದ ವಿವರಣೆ ಹೆಚ್ಚು ಒಪ್ಪುತ್ತದೆ. ತಲಕಾಡಿನ ಮೇಲ್ಗಡೆಯ ಸುಸ್ತು ನಡಿಗೆಗೆ ಮಾತ್ರ ವಾಲ್ದಿಯಾ ಅವರ ಸ್ಥಳೀಯ ಅಡ್ಡಗಟ್ಟೆ ಬೇಕೇ ಬೇಕು.

ಹೊಗೇನಕಲ್ಲಿನಲ್ಲಿ ಇನ್ನೊಂದು ಒಗಟಿದೆ. ಅಲ್ಲಿಯವರೆಗೆ ಪೂರ್ವದ ಕಡೆಗೆ ಬಂದ ನದಿ ತಟ್ಟನೆ ದಕ್ಷಿಣಕ್ಕೆ ತಿರುಗಿ, ಮೆಟ್ಟೂರು ದಾಟಿ ಭವಾನಿಯವರೆಗೂ ಹಾಗೇ ಹೋಗಿ, ಮತ್ತೆ ಪೂರ್ವಕ್ಕೆ ಹೊರಳುತ್ತದೆ. ಹಿಂದೊಮ್ಮೆ ಅದು ತಿರುಗದೆ, ಈಗ ದಕ್ಷಿಣ ಪಿನಾಕಿನಿ ಮತ್ತು ಪಾಲಾರ್ ಹರಿಯುವ ಸೀಮೆಯ ಮೂಲಕ ನೇರ ಪೂರ್ವಕ್ಕೆ ಸಾಗಿ ಸಮುದ್ರ ಸೇರುತ್ತಿತ್ತು ಎಂದು ಕೆಲವು ಭೂವಿಜ್ಞಾನಿಗಳು ಹೇಳುತ್ತಾರೆ, ಆರ್. ವೈದ್ಯನಾಥನ್ 1971ರಲ್ಲೇ ಕಾವೇರಿಯ ಹರಿವಿನ ವಿಕಾಸವನ್ನು ಕುರಿತು ಬರೆದಿದ್ದರು. ದಕ್ಷಿಣದಿಂದ ತಲೆಯನ್ನು ಹಿಂದಕ್ಕೆ ಕೊರೆದುಕೊಂಡು ಬಂದ ಬೇರೊಂದು ಹೊಳೆ, ಉತ್ತರ-ದಕ್ಷಿಣದ ಬಿರುಕೊಂದನ್ನು ಹಿಡಿದು, ಕಾವೇರಿಯ ನೀರನ್ನು ತನ್ನತ್ತ ಸೆಳೆದುಕೊಂಡಿತು ಎಂಬುದು ಇಂಥ ತಿರುವಿಗೆ ಕೊಡಬಹುದಾದ ವಿವರಣೆ. ನದಿ ಅಪಹರಣವೆಂಬ ಈ ಬಗೆಯೇ ದೊಡ್ಡ ಕೊಳ್ಳಗಳು ಬೆಳೆಯುವ ಮುಖ್ಯ ಉಪಾಯ. ಒಂದು ಕೊಳ್ಳ ದೊಡ್ಡದಾಗುವುದು ಪಕ್ಕದ್ದನ್ನು ಕಿರಿದುಮಾಡಿಯೇ.

ಅಪಹರಣ ನಡೆಯುವುದು ದಿಣ್ಣೆಯ ಮೇಲೆ. ಕೊಡಗಿನ ಬೆಟ್ಟಸಾಲಿನ ಪೂರ್ವಕ್ಕೆ ಬಿದ್ದ ಮಳೆ ಕಾವೇರಿ ಪಾಲು. ಪಶ್ಚಿಮಕ್ಕೆ ಬಿದ್ದದ್ದು ಪಯಸ್ವಿನಿ-ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಪಶ್ಚಿಮದ ಹೊಳೆಗಳಿಗೆ ದಾರಿ ಗಿಡ್ಡ, ಇಳಿಜಾರು ಕಡಿದು, ಮಳೆ ಅಪಾರ. ಅವು ಬೆಟ್ಟವನ್ನು ತಿನ್ನುತ್ತ ಹಿಂದಕ್ಕೆ ಬರುತ್ತವೆ, ದಿಣ್ಣೆ ಪೂರ್ವಕ್ಕೆ ಸರಿಯುತ್ತದೆ. ಶರಾವತಿಯ ಮೇಲ್ಭಾಗ ಹೀಗೆ ಪಶ್ಚಿಮದ ಪಾಲಾಗಿರಬೇಕು ಎಂಬ ಊಹೆಯಿದೆ. ಬೆಟ್ಟ ಸವೆಯುವ ಕೆಲಸ ಯಾವಾಗಲೂ ಕಣ್ಣಿಗೆ ಕಾಣದಷ್ಟು ನಿಧಾನವಾಗಿಯೇ ನಡೆಯಬೇಕೆಂದೇನೂ ಇಲ್ಲ: 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲೇ ಗುಡ್ಡ ಕುಸಿಯಿತು. ಇಂಥ ಕುಸಿತಗಳಲ್ಲಿ ಮನುಷ್ಯನ ಕೈಯೂ ಇರುತ್ತದೆ; ಆದರೆ ಕಡಿದಾದ ಬೆಟ್ಟದಂಚು ಸವೆಯುವ ಬಗೆಯೂ ಇದೇ.

ಕೊಳ್ಳದ ಈಶಾನ್ಯದ ಅಂಚು ಇದಕ್ಕೆ ತದ್ವಿರುದ್ಧ. ಅಲ್ಲಿ ದಿಣ್ಣೆ ಇದೆಯೆಂದು ಹೇಳಿದರೂ ಕಾಣುವುದಿಲ್ಲ. ನಂದಿಬೆಟ್ಟದ ಸುತ್ತ ಅರ್ಕಾವತಿ, ಪಾಲಾರ್ ಮತ್ತು ಎರಡೂ ಪಿನಾಕಿನಿಗಳು ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಬೆಂಗಳೂರಿನ ನಡುವೆಯೇ, ಸುಮಾರು 900 ಮೀಟರ್ ಎತ್ತರದಲ್ಲಿ ಆ ದಿಣ್ಣೆ ಹಾದುಹೋಗುತ್ತದೆ. ಅದರ ಪಶ್ಚಿಮದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಪೂರ್ವದ್ದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಹೆಬ್ಬಗೋಡಿ ಪೂರ್ವದ ಮಗ್ಗುಲಲ್ಲಿದೆ. ಇಲ್ಲಿನ ಕೆರೆಯ ಕೋಡಿ ನೀರು ಚಂದಾಪುರ, ಮುತ್ತಾನಲ್ಲೂರು ಕಡೆಗೆ ಸಾಗಿ, ಪಿನಾಕಿನಿಯನ್ನು ಸೇರಿ, ಹೊಸೂರು, ಕೃಷ್ಣಗಿರಿ ದಾಟಿ ಕಡಲೂರಿನಲ್ಲಿ ಸಮುದ್ರ ಕಾಣುತ್ತದೆ. ಸುಮಾರು 10 ಕಿ.ಮೀ. ಪಶ್ಚಿಮಕ್ಕೆ ಬನ್ನೇರುಘಟ್ಟದ ಬೆಟ್ಟಗಳಲ್ಲಿ ಹುಟ್ಟುವ ಸುವರ್ಣಮುಖಿ ಅರ್ಕಾವತಿಯ ಪಾಲು. ಎರಡೂ ಕಡೆ ಬಂಡೆ ಒಂದೇ ನೈಸ್, ಮಳೆ ಹೆಚ್ಚುಕಡಿಮೆ ಒಂದೇ, ಇಳಿಜಾರು ಎರಡೂ ಕಡೆ ಸೌಮ್ಯ. ಒಬ್ಬರನ್ನೊಬ್ಬರು ತಿನ್ನುವ ಬಲ ಯಾರಿಗೂ ಇಲ್ಲದ್ದರಿಂದ ಈ ದಿಣ್ಣೆ ಬಹಳ ಕಾಲದಿಂದ ಬಹುಮಟ್ಟಿಗೆ ಇದ್ದಲ್ಲೇ ಇದೆ.

ಕಾಣದ ಈ ದಿಣ್ಣೆ ನ್ಯಾಯಾಲಯದಲ್ಲಿ ಮಾತ್ರ ಚೆನ್ನಾಗಿ ಕಂಡಿತು. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕೊಳ್ಳದೊಳಗಿದೆ ಎಂಬ ಲೆಕ್ಕದಲ್ಲೇ ಕುಡಿಯುವ ನೀರು ನಿಗದಿ ಮಾಡಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ಲೆಕ್ಕವನ್ನು ಬದಿಗಿಟ್ಟು, ನಗರಕ್ಕೆ 4.75 ಟಿಎಂಸಿ ಅಡಿ ಹೆಚ್ಚು ಕೊಟ್ಟಿತು. 1974ರ ಮೊದಲ ಹಂತದಿಂದ ಇಂದಿನವರೆಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಮೇಲಕ್ಕೆ ಪಂಪು ಮಾಡಿದ ಕಾವೇರಿಯ ನೀರಿನಲ್ಲಿ ಒಂದು ಪಾಲು ಬಳಕೆಯಾದ ಮೇಲೆ ಪೂರ್ವದ ಕಣಿವೆಗಳಿಗೆ ಇಳಿದು ಪಿನಾಕಿನಿ ಸೇರುತ್ತದೆ. ಅದರಲ್ಲೂ ಒಂದಷ್ಟನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನಿಸರ್ಗ ಲಕ್ಷಾಂತರ ವರ್ಷ ತೆಗೆದುಕೊಳ್ಳುವ ಅಪಹರಣವನ್ನು ಪಂಪುಗಳು ಅರ್ಧ ಶತಮಾನದಲ್ಲಿ ಮಾಡಿವೆ.

ಕೊಳ್ಳದ ಕೊನೆಯ ಭಾಗ, ಅಂದರೆ ಮುಖಜಭೂಮಿ, ಎಲ್ಲಕ್ಕಿಂತ ಎಳೆಯದು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ಉತ್ತುಂಗದಲ್ಲಿ ಸಮುದ್ರ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಶ್ರೀಲಂಕಾ ಭಾರತಕ್ಕೆ ಅಂಟಿಕೊಂಡಿತ್ತು. ಆಗ ಕಾವೇರಿ ಇನ್ನೂ ಮುಂದೆ ಹರಿದು ಸಮುದ್ರ ಸೇರುತ್ತಿತ್ತು. ಹಿಮ ಕರಗಿ ಸುಮಾರು 6,000 ವರ್ಷಗಳ ಹಿಂದೆ ನೀರು ಹತ್ತಿರ ಹತ್ತಿರ ಇಂದಿನ ಮಟ್ಟಕ್ಕೆ ಬಂದಮೇಲೆ ನದಿ ತಂದ ಹೂಳು ಇಲ್ಲೇ ನಿಲ್ಲತೊಡಗಿತು. ತಿರುಚ್ಚಿಯ ಬಳಿ ನದಿ ಕೊಳ್ಳಿಡಂ ಮತ್ತು ಕಾವೇರಿಯಾಗಿ, ಮುಂದೆ ವೆಣ್ಣಾರು ಮತ್ತು ಹತ್ತಾರು ಕವಲುಗಳಾಗಿ ಒಡೆದು, ಕವಲು ಬದಲಿಸುತ್ತ ಬದಲಿಸುತ್ತ ತಂಜಾವೂರಿನ ಗದ್ದೆಯ ನೆಲವನ್ನು ಹರಡಿತು. ಕರಿಕಾಲ ಚೋಳನ ಹೆಸರಿನೊಂದಿಗೆ ಬೆಸೆದಿರುವ ಕಲ್ಲಣೈ ಕಟ್ಟಿದ್ದು ಈ ಕವಲೊಡೆಯುವ ಜಾಗದಲ್ಲೇ. ನೀರು ಕೊಳ್ಳಿಡಂ ಕಡೆ ಜಾರಿಹೋಗದಂತೆ ತಡೆಯುವುದು ಅದರ ಕೆಲಸ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು, 1934ರಲ್ಲಿ ಮೆಟ್ಟೂರು ಮುಗಿಯಿತು, ಆಮೇಲೆ ಹೇಮಾವತಿ, ಕಬಿನಿ, ಹಾರಂಗಿ ಬಂದವು. ಕೊಡಗಿನಿಂದ, ವಯನಾಡಿನಿಂದ, ಹಾಸನದ ಮಲೆನಾಡಿನಿಂದ ಇಳಿಯುವ ಮರಳು ಮತ್ತು ಜೇಡಿಯ ಬಹುಪಾಲು ಈಗ ಮುಖಜಭೂಮಿಯನ್ನು ಮುಟ್ಟುವುದಿಲ್ಲ. ಜಲಾಶಯಗಳ ತಳದಲ್ಲಿ ಪದರ ಪದರವಾಗಿ ಕೂರುತ್ತಿದೆ. ಕೆಳಗೆ ನದಿಯ ಪಾತ್ರದಲ್ಲಿ ಉಳಿದ ಮರಳು ಲಾರಿಗಳಲ್ಲಿ ಹೋಗುತ್ತದೆ. ಮುಖಜಭೂಮಿಯ ಕೆಳಗಿನ ಹೊಂಡ ಮಾತ್ರ ತನ್ನ ಹಳೆಯ ಹೂಳಿನ ಭಾರಕ್ಕೆ ನಿಧಾನವಾಗಿ ಕುಸಿಯುತ್ತಿದೆ. ಹೂಳು ಬಂದು ತುಂಬದಿದ್ದರೆ ಇಂಥ ತಗ್ಗು ಕರಾವಳಿಯಲ್ಲಿ ಸಮುದ್ರ ಒಳಕ್ಕೆ ಬರುತ್ತದೆ, ಉಪ್ಪುನೀರು ಬಾವಿಗಳನ್ನು ಸೇರುತ್ತದೆ. ಕಾವೇರಿಯ ಹೂಳು ಸಂಗ್ರಹವಾಗುವ ಮುಖ್ಯ ಜಾಗ ಹೀಗೆ ನೂರು ವರ್ಷದೊಳಗೆ ಬಂಗಾಳ ಕೊಲ್ಲಿಯ ಅಂಚಿನಿಂದ ಮೈಸೂರು ಪ್ರಸ್ಥಭೂಮಿಗೂ ಮೆಟ್ಟೂರಿನ ಹಿನ್ನೀರಿಗೂ ಸ್ಥಳಾಂತರವಾಗಿದೆ.